ರಾಸಾಯನಿಕ ಸಮೀಕರಣ ಬ್ಯಾಲೆನ್ಸ್ ಮಾಡೋದು: ಮಕ್ಕಳು, ಅಪ್ಪ-ಅಮ್ಮಂದಿರು ಪದೇ ಪದೇ ಕೇಳೋ ಪ್ರಶ್ನೆಗಳು

ಸಾಯಂಕಾಲದ ಟ್ಯೂಷನ್ ಶುರು ಮಾಡಿ ಸುಮಾರು ವರ್ಷ ಆಯ್ತು. ಪ್ರತಿ ವರ್ಷ ಸ್ಕೂಲ್ ಶುರುವಾಗಿ ಹತ್ತನೇ ಕ್ಲಾಸಿನ ಸೈನ್ಸ್ ಮೊದಲನೇ ಪಾಠ ತೆಗೆದ ಕೂಡ್ಲೇ ಅದೇ ಪ್ರಶ್ನೆಗಳು ಬರ್ತವೆ, ಕೆಲವು ಬಾಯಲ್ಲಿ, ಕೆಲವು ನೋಟ್‌ಬುಕ್ಕಿನ ಕೊನೇ ಹಾಳೆಲಿ ಪೆನ್ಸಿಲ್ಲಲ್ಲಿ ಬರೆದು ಮಡಚಿ ಕೊಟ್ಟಿದ್ದು, ಕೆಲವು ರಾತ್ರಿ ಹತ್ತು ಗಂಟೆಗೆ ಅಮ್ಮನ ಮೊಬೈಲಿಂದ ವಾಟ್ಸಾಪ್ ವಾಯ್ಸ್ ಮೆಸೇಜು. ಎಲ್ಲಾ ಒಂದು ಕಡೆ ಹಾಕ್ತಿದೀನಿ, ಅವರು ಕೇಳಿದ ಹಾಗೇ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಸಂಕೇತಗಳನ್ನೆಲ್ಲ ನಾವು ಬಾಯಲ್ಲಿ ಹೇಳೋ ಹಾಗೆ ಕನ್ನಡ ಅಕ್ಷರದಲ್ಲೇ ಟೈಪ್ ಮಾಡಿದೀನಿ: ನೀರು ಅಂದ್ರೆ ಎಚ್₂ಒ, ಕಬ್ಬಿಣ ಅಂದ್ರೆ ಎಫ್‌ಇ. ಕೆಲವು ಕಡೆ ಸಂಕೇತಗಳ ಮಧ್ಯೆ ಒಂದು ಸ್ಪೇಸ್ ಬಿಟ್ಟಿದೀನಿ, ಓದೋಕೆ ಸುಲಭ ಆಗ್ಲಿ ಅಂತ. ಪರೀಕ್ಷೇಲಿ ಮಾತ್ರ ಪುಸ್ತಕದಲ್ಲಿರೋ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಬರೀರಿ ಮಾರಾಯ್ರೆ.

## ಬುಡದಿಂದ

ಸರ್, ಬ್ಯಾಲೆನ್ಸ್ ಮಾಡ್ಲೇಬೇಕಾ? ಬಾಣ ಹಾಕಿ ಆ ಕಡೆ ಈ ಕಡೆ ಬರೆದ್ರೆ ಸಾಕಲ್ವಾ?

ಸಾಕಾಗಲ್ಲ. ಬಾಣದ ಎಡಕ್ಕೆ ಪ್ರತಿವರ್ತಕ, ಬಲಕ್ಕೆ ಉತ್ಪನ್ನ ಬರೆದ್ರೆ ಏನು ಸೇರಿ ಏನಾಯ್ತು ಅಂತ ಮಾತ್ರ ಗೊತ್ತಾಗತ್ತೆ, ಎಷ್ಟಕ್ಕೆ ಎಷ್ಟು ಅನ್ನೋದು ಗೊತ್ತಾಗಲ್ಲ. ರಾಸಾಯನಿಕ ಕ್ರಿಯೆ ಅಂದ್ರೆ ಪರಮಾಣುಗಳು ಜೋಡಿ ಬದಲಾಯಿಸ್ಕೊಳ್ಳೋದು ಅಷ್ಟೆ, ಹೊಸದು ಹುಟ್ಟಲ್ಲ, ಇರೋದು ಮಾಯ ಆಗಲ್ಲ. ಹಾಗಾಗಿ ಎಡಗಡೆ ಎಷ್ಟಿತ್ತೋ ಬಲಗಡೆನೂ ಅಷ್ಟೇ ಲೆಕ್ಕ ಸಿಗ್ಬೇಕು.

ಲ್ಯಾಬಲ್ಲಿ ಮೆಗ್ನೀಸಿಯಂ ಪಟ್ಟಿ ಸುಟ್ಟು ತೋರಿಸ್ತಾರಲ್ಲ, ಕಣ್ಣು ಕುಕ್ಕೋ ಬೆಳಕು ಬಂದು ಬಿಳೀ ಬೂದಿ ಉಳಿಯತ್ತೆ. ಸುಟ್ಟು ಹೋಯ್ತಲ್ಲ, ತೂಕ ಕಮ್ಮಿ ಆಗಿರ್ಬೇಕು ಅಂತ ಕ್ಲಾಸಲ್ಲಿ ಅರ್ಧಕ್ಕರ್ಧ ಜನ ಹೇಳ್ತಾರೆ. ಉಲ್ಟಾ! 24 ಗ್ರಾಂ ಮೆಗ್ನೀಸಿಯಂ ಪೂರ್ತಿ ಸುಟ್ರೆ 40 ಗ್ರಾಂ ಬೂದಿ, ಆ ಜಾಸ್ತಿ 16 ಗ್ರಾಂ ಗಾಳಿಯಿಂದ ಬಂದ ಆಮ್ಲಜನಕ. ಗಾಳಿಯನ್ನೂ ಲೆಕ್ಕಕ್ಕೆ ತಗೋಬೇಕು ಅಂತ ಮುಚ್ಚಿದ ಪಾತ್ರೆ, ತಕ್ಕಡಿ ಇಟ್ಕೊಂಡು ಹಠ ಹಿಡಿದು ತೂಗಿದೋನು ಫ್ರಾನ್ಸಿನ ಲಾವೋಸಿಯೇ, ಅವನ ಪುಸ್ತಕ ಬಂದಿದ್ದು 1789ರಲ್ಲಿ. ಪಾಪ, ಐದು ವರ್ಷಕ್ಕೆ, 1794ರಲ್ಲಿ, ಕ್ರಾಂತಿಯವರು ಅವನ ತಲೆ ತೆಗೆದ್ರು. ಅದಕ್ಕೆ ಕಾರಣ ಕೆಮಿಸ್ಟ್ರಿ ಅಲ್ಲ ಬಿಡಿ, ರಾಜನ ತೆರಿಗೆ ವಸೂಲಿ ಮಾಡೋ ಕಂಪನಿಲಿ ಪಾಲುದಾರ ಆಗಿದ್ದ.

ಮುಂದೆ ಒಂದು ದೊಡ್ಡ ಸಂಖ್ಯೆ, ಕೆಳಗೆ ಒಂದು ಪುಟ್ಟ ಸಂಖ್ಯೆ, ಎರಡೂ ಯಾಕೆ? ಕನ್ಫ್ಯೂಸ್ ಆಗತ್ತೆ

ರಸ್ತೆ ನೋಡಿ. ಬೈಕಿಗೆ 2 ಚಕ್ರ, ಆಟೋಗೆ 3 ಚಕ್ರ. 4 ಆಟೋ ನಿಂತಿದ್ರೆ 12 ಚಕ್ರ. ಆ 3 ಇದೆಯಲ್ಲ, ಅದು ಕೆಳಗಿನ ಪುಟ್ಟ ಸಂಖ್ಯೆ, ಗಾಡಿ ಎಂಥದ್ದು ಅಂತ ಹೇಳೋದೇ ಅದು. 4 ಅನ್ನೋದು ಮುಂದಿನ ದೊಡ್ಡ ಸಂಖ್ಯೆ, ಎಷ್ಟು ಗಾಡಿ ಅಂತ. ಪುಸ್ತಕದಲ್ಲಿ ಇದಕ್ಕೆ ಸಹಗುಣಕ ಅಂತಾರೆ. ಬ್ಯಾಲೆನ್ಸ್ ಮಾಡ್ವಾಗ ಗಾಡಿ ಎಷ್ಟು ಬೇಕಾದ್ರೂ ತರಿಸ್ಬಹುದು, ಗಾಡಿಗೆ ಚಕ್ರ ಅಂಟಿಸೋ ಹಾಗಿಲ್ಲ. ಬೈಕಿಗೆ ಇನ್ನೊಂದು ಚಕ್ರ ಸೇರಿಸಿದ್ರೆ ಅದು ಬೈಕಾಗಿ ಉಳಿಯಲ್ಲ.

3 ಎಚ್₂ಒ ಅಂದ್ರೆ ಮೂರು ನೀರಿನ ಅಣು, ಒಟ್ಟು 6 ಜಲಜನಕ, 3 ಆಮ್ಲಜನಕ. ಮುಂದಿನ ಸಂಖ್ಯೆ ಹಿಂದಿರೋ ಎಲ್ಲದಕ್ಕೂ ಗುಣಾಕಾರ ಆಗತ್ತೆ, ಪಕ್ಕದಲ್ಲಿರೋ ಮೊದಲನೇ ಅಕ್ಷರಕ್ಕೆ ಮಾತ್ರ ಅಲ್ಲ. ಇದೊಂದು ತಪ್ಪು ಬಿಟ್ರೆ ಎಷ್ಟೋ ಮಕ್ಕಳ ಉತ್ತರ ಸರಿ ಇರತ್ತೆ.

ಆಮ್ಲಜನಕ ಒಂದೇ ಒಂದು ಕಮ್ಮಿ ಬಂದಿದೆ, ನೀರಿನ ಒ ಕೆಳಗೆ 2 ಹಾಕಿದ್ರೆ ಮುಗೀತಲ್ಲ, ಅದ್ಯಾಕೆ ತಪ್ಪು?

ಈ ತಪ್ಪು ನಾನೂ ಮಾಡಿದೀನಿ, ಒಂಬತ್ತನೇ ಕ್ಲಾಸಲ್ಲಿ. ಎಚ್₂ + ಒ₂ → ಎಚ್₂ಒ ಅಂತ ಬೋರ್ಡ್ ಮೇಲಿತ್ತು, ನನ್ನ ಕರೆದ್ರು, ನಾನು ಹೀರೋ ಥರ ಹೋಗಿ ಬಲಗಡೆ ಎಚ್₂ಒ₂ ಮಾಡಿ ಬಂದೆ. ಎರಡೂ ಕಡೆ 2, 2. ಟ್ಯಾಲಿ. ನಮ್ಮ ಮೇಷ್ಟ್ರು ಏನೂ ಮಾತಾಡ್ಲಿಲ್ಲ, ಬೀರು ತೆಗೆದು ಒಂದು ಕಂದು ಬಣ್ಣದ ಬಾಟಲಿ ತಂದು ಟೇಬಲ್ ಮೇಲಿಟ್ಟು "ನೀನು ಮಾಡಿರೋ ನೀರು ಇದು, ಕುಡಿತೀಯೇನಪ್ಪಾ?" ಅಂದ್ರು. ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಾಕಿದ್ರೆ ಬುರುಬುರು ನೊರೆ ಬರತ್ತಲ್ಲ, ಅದು.

ಕೆಳಗಿನ ಸಂಖ್ಯೆ ಮುಟ್ಟಿದ್ರೆ ವಸ್ತುನೇ ಬೇರೆ ಆಗತ್ತೆ. ಸರಿಯಾದ ದಾರಿ: ಬಲಗಡೆ ನೀರು ಎರಡು ಬೇಕು ಅಂತ ಮುಂದೆ 2, ಆಗ ಜಲಜನಕ 4 ಆಯ್ತು, ಎಡಗಡೆ ಎಚ್₂ ಮುಂದೆನೂ 2. 2 ಎಚ್₂ + ಒ₂ → 2 ಎಚ್₂ಒ.

ಆಮ್ಲಜನಕಕ್ಕೆ ಒ₂ ಅಂತೀರಾ, ಮೆಗ್ನೀಸಿಯಂಗೆ ಯಾಕೆ ಬರೀ ಎಮ್‌ಜಿ?

ಏಳು ಧಾತುಗಳು ಒಂಟಿಯಾಗಿ ಇರಲ್ಲ, ಜೋಡಿಯಾಗೇ ಓಡಾಡ್ತವೆ: ಜಲಜನಕ, ಸಾರಜನಕ, ಆಮ್ಲಜನಕ, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್. ಇವು ಬೇರೆ ಯಾರ ಜೊತೆನೂ ಸೇರದೆ ಶುದ್ಧವಾಗಿ ಬಂದಾಗ ಮಾತ್ರ ಕೆಳಗೆ 2. ಸಂಯುಕ್ತದ ಒಳಗೆ ಹೋದ್ಮೇಲೆ ಈ ನಿಯಮ ಇಲ್ಲ, ಅಲ್ಲಿ ವೇಲೆನ್ಸಿ, ಅಂದ್ರೆ ಒಂದು ಪರಮಾಣುಗೆ ಬೇರೆಯವರನ್ನ ಹಿಡಿಯೋಕೆ ಎಷ್ಟು ಕೈ ಇದೆ ಅನ್ನೋ ಸಂಖ್ಯೆ, ಅದು ಹೇಳಿದ್ದೇ ಆಟ. ಲೋಹಗಳನ್ನ ಒಂಟಿ ಸಂಕೇತದಲ್ಲೇ ಬರೀತೀವಿ.

ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸ ಆದ್ರೆ ನಿಜವಾಗ್ಲೂ ಮಾರ್ಕ್ಸ್ ಕಟ್ ಮಾಡ್ತಾರಾ?

ಮಾಡ್ಬೇಕಾದ್ದೇ. ಸಿ, ಒ ಎರಡನ್ನೂ ದೊಡ್ಡಕ್ಷರದಲ್ಲಿ ಬರೆದ್ರೆ ಉಸಿರು ಕಟ್ಟಿಸೋ ಕಾರ್ಬನ್ ಮೊನಾಕ್ಸೈಡ್, ಒ ಸಣ್ಣದಾದ್ರೆ ಕೋಬಾಲ್ಟ್ ಅನ್ನೋ ಲೋಹ.

## ಲೆಕ್ಕಕ್ಕೆ ಕೂತಾಗ

ಎಲ್ಲಿಂದ ಶುರು ಮಾಡ್ಬೇಕು ಅಂತನೇ ಗೊತ್ತಾಗಲ್ಲ ಸರ್, ಸುಮ್ನೆ ಸಂಖ್ಯೆ ಹಾಕ್ತಾ ಹೋಗ್ತೀನಿ

ಸುಮ್ನೆ ಹಾಕ್ತಾ ಹೋದ್ರೂ ಚಿಕ್ಕ ಸಮೀಕರಣ ಬಂದ್ಬಿಡತ್ತೆ, ಅದೇ ತೊಂದ್ರೆ, ಅಭ್ಯಾಸ ಕೆಟ್ಟೋಗತ್ತೆ. ನಾನು ಹೇಳಿಕೊಡೋ ಕ್ರಮ ಇಷ್ಟೆ. ಒಂಟಿಯಾಗಿ ಶುದ್ಧವಾಗಿ ನಿಂತಿರೋ ಧಾತುನ ಕೊನೆಗೆ ಇಡಿ, ಯಾಕಂದ್ರೆ ಅದರ ಮುಂದಿನ ಸಂಖ್ಯೆ ಬದಲಾಯಿಸಿದ್ರೆ ಬೇರೆ ಯಾವುದೂ ಅಲ್ಲಾಡಲ್ಲ. ಎರಡೂ ಕಡೆ ಒಂದೊಂದೇ ವಸ್ತುವಲ್ಲಿ ಕಾಣಿಸ್ಕೊಳ್ಳೋ ಧಾತುನ ಮೊದಲು ಹಿಡೀರಿ, ಅದರಲ್ಲೂ ದೊಡ್ಡ ಫಾರ್ಮುಲಾ ಇರೋ ಕಡೆಯಿಂದ.

ಕಾದ ಕಬ್ಬಿಣದ ಮೇಲೆ ನೀರಿನ ಹಬೆ ಹಾಯಿಸೋದು:

ಎಫ್‌ಇ + ಎಚ್₂ಒ → ಎಫ್‌ಇ₃ಒ₄ + ಎಚ್₂

ಕಬ್ಬಿಣ ಎಡಗಡೆ ಒಂಟಿ, ಜಲಜನಕ ಬಲಗಡೆ ಒಂಟಿ. ಎರಡೂ ಕೊನೆಗೆ. ಉಳಿದಿದ್ದು ಆಮ್ಲಜನಕ: ಎಡಕ್ಕೆ 1, ಬಲಕ್ಕೆ 4. ಸರಿ, ನೀರಿನ ಮುಂದೆ 4. ಈಗ ಎಡಗಡೆ ಜಲಜನಕ 8 ಆಗ್ಬಿಡ್ತು, ಬಲಗಡೆ ಎಚ್₂ ಮುಂದೆ 4 ಹಾಕಿದ್ರೆ ಅದೂ 8. ಕಬ್ಬಿಣ ಬಲಕ್ಕೆ 3, ಎಡಕ್ಕೆ ಮುಂದೆ 3. ಮುಗೀತು:

3 ಎಫ್‌ಇ + 4 ಎಚ್₂ಒ → ಎಫ್‌ಇ₃ಒ₄ + 4 ಎಚ್₂

ಮೂರೇ ಹೆಜ್ಜೆ, ಒಂದು ಸಲನೂ ಹಿಂದೆ ಹೋಗಿ ಅಳಿಸ್ಲಿಲ್ಲ ನೋಡಿ. ಇದನ್ನೇ ಕಬ್ಬಿಣದಿಂದ ಶುರು ಮಾಡಿದ್ರೂ ಉತ್ತರ ಬರತ್ತೆ, ಅದು ಬೇರೆ ಮಾತು, ಆದ್ರೆ ಆ ಅದೃಷ್ಟ ಎಲ್ಲಾ ಕಡೆ ಇರಲ್ಲ.

ಅರ್ಧ ಬಂದ್ರೆ ಏನ್ಮಾಡೋದು? ಆರೂವರೆ ಆಮ್ಲಜನಕ ಬಂತು, ಹೆದರಿ ಎಲ್ಲಾ ಹೊಡೆದಾಕಿದೆ

ಹೊಡೆದಾಕ್ಬೇಡ್ರೋ! ಆರೂವರೆ ಬಂದಿದೆ ಅಂದ್ರೆ ಉತ್ತರ ಬಾಗಿಲಿಗೆ ಬಂದು ನಿಂತಿದೆ ಅಂತರ್ಥ. ಇದು ಬ್ಯೂಟೇನ್ ಸುಡೋ ಲೆಕ್ಕ ಇರ್ಬೇಕು, ಅಡುಗೆ ಗ್ಯಾಸಲ್ಲಿ ಮುಖ್ಯವಾಗಿ ಇರೋದು ಪ್ರೋಪೇನ್ ಮತ್ತೆ ಬ್ಯೂಟೇನ್.

ಸಿ₄ಎಚ್₁₀ + ಒ₂ → ಸಿಒ₂ + ಎಚ್₂ಒ

ಇಂಗಾಲ 4, ಹಾಗಾಗಿ 4 ಸಿಒ₂. ಜಲಜನಕ 10, ಹಾಗಾಗಿ 5 ಎಚ್₂ಒ. ಬಲಗಡೆ ಆಮ್ಲಜನಕ 8 ಮತ್ತೆ 5, ಒಟ್ಟು 13. ಎಡಗಡೆ ಒ₂ ಜೋಡಿಜೋಡಿಯಾಗಿ ಬರೋದ್ರಿಂದ 13ಕ್ಕೆ ಆರೂವರೆ ಜೋಡಿ. ಈಗ ಇಡೀ ಸಾಲನ್ನ 2ರಿಂದ ಗುಣಿಸಿ, ಬ್ಯೂಟೇನನ್ನೂ ಬಿಡದೆ:

2 ಸಿ₄ಎಚ್₁₀ + 13 ಒ₂ → 8 ಸಿಒ₂ + 10 ಎಚ್₂ಒ

ಲೆಕ್ಕದ ಮಧ್ಯೆ ಭಿನ್ನರಾಶಿ ಬರೋದು ತಪ್ಪಲ್ಲ, ಕೊನೇ ಉತ್ತರದಲ್ಲಿ ಮಾತ್ರ ಪೂರ್ಣ ಸಂಖ್ಯೆ ಮಾಡಿ ಕೊಡಿ. ಪ್ರೋಪೇನ್ ಪುಣ್ಯಾತ್ಮ, ಈ ರಗಳೆನೇ ಇಲ್ಲ: ಸಿ₃ಎಚ್₈ + 5 ಒ₂ → 3 ಸಿಒ₂ + 4 ಎಚ್₂ಒ.

ಬ್ರಾಕೆಟ್ ಕಂಡ್ರೆ ಭಯ. ಒಳಗಡೆ ಒಂದೊಂದೇ ಎಣಿಸ್ಬೇಕಾ?

ಆ ಬ್ರಾಕೆಟ್ಟಿನ ಗುಂಪು ಒಡೀದೆ ಹಾಗೇ ಬಲಗಡೆಗೂ ಬಂದಿದ್ರೆ ಬಿಡಿಸಿ ಎಣಿಸ್ಬೇಡಿ, ಇಡೀ ಗುಂಪನ್ನ ಒಂದು ಅಂತ ಎಣಿಸಿ. ಕುಡಿಯೋ ನೀರು ತಿಳಿ ಮಾಡೋ ಘಟಕದಲ್ಲಿ ಪಟಿಕ ಹಾಕ್ತಾರಲ್ಲ, ಅಲ್ಲಿ ಬಳಸೋ ಅಲ್ಯೂಮಿನಿಯಂ ಸಲ್ಫೇಟ್ ಸುಣ್ಣದ ಜೊತೆ ಸೇರಿದಾಗ:

ಎಎಲ್₂(ಎಸ್‌ಒ₄)₃ + ಸಿಎ(ಒಎಚ್)₂ → ಎಎಲ್(ಒಎಚ್)₃ + ಸಿಎ ಎಸ್‌ಒ₄

ನೋಡಿದ್ರೆ ರಾವಣನ ತಲೆ ಥರ ಕಾಣತ್ತೆ. ಆದ್ರೆ ಸಲ್ಫೇಟ್ ಗುಂಪು ಎಡಕ್ಕೆ 3, ಬಲಕ್ಕೆ 1, ಹಾಗಾಗಿ ಬಲಗಡೆ 3 ಸಿಎ ಎಸ್‌ಒ₄. ಕ್ಯಾಲ್ಸಿಯಂ 3 ಆಯ್ತು, ಎಡಗಡೆ 3 ಸಿಎ(ಒಎಚ್)₂. ಒಎಚ್ ಗುಂಪು ಎಡಕ್ಕೆ ಈಗ 6, ಬಲಗಡೆ ಒಂದರಲ್ಲಿ 3 ಇದೆ, 2 ಎಎಲ್(ಒಎಚ್)₃ ಬೇಕು. ಅಲ್ಯೂಮಿನಿಯಂ ತಾನಾಗೇ 2, 2 ಆಯ್ತು. ಬಿಡಿಸಿ ಎಣಿಸಿದ್ರೆ ಒಂದೊಂದು ಕಡೆ 18 ಆಮ್ಲಜನಕ ಎಣಿಸ್ತಾ ಕೂರ್ಬೇಕಿತ್ತು. ಆ ಬೆಳ್ಳಗೆ ಅಂಟಂಟಾಗಿ ಬರೋ ಎಎಲ್(ಒಎಚ್)₃ ಇದೆಯಲ್ಲ, ಅದೇ ನೀರಲ್ಲಿರೋ ಮಣ್ಣಿನ ಕಣನ ಹಿಡ್ಕೊಂಡು ತಳಕ್ಕೆ ಹೋಗೋದು.

ಗುಂಪು ಒಡೆದು ಹೋದ್ರೆ ಮಾತ್ರ ಈ ಉಪಾಯ ನಡೆಯಲ್ಲ. ಲೆಡ್ ನೈಟ್ರೇಟ್ ಕಾಯಿಸಿದ್ರೆ ಕಂದು ಹೊಗೆ ಬರತ್ತೆ, ಅಲ್ಲಿ ನೈಟ್ರೇಟ್ ಚೂರಾಗತ್ತೆ: 2 ಪಿಬಿ(ಎನ್‌ಒ₃)₂ → 2 ಪಿಬಿ ಒ + 4 ಎನ್‌ಒ₂ + ಒ₂. ಇಲ್ಲಿ ಒಂದೊಂದೇ ಎಣಿಸಿ, 12 ಆಮ್ಲಜನಕ ಆ ಕಡೆ, 2 + 8 + 2 ಈ ಕಡೆ.

ಎರಡು ಪುಟ ಬರೆದೆ, ರಬ್ಬರ್ ಉಜ್ಜಿ ಹಾಳೆ ಹರಿದೋಯ್ತು, ಬ್ಯಾಲೆನ್ಸ್ ಆಗ್ತಾನೇ ಇಲ್ಲ

ಹತ್ತು ನಿಮಿಷದಲ್ಲಿ ಆಗ್ಲಿಲ್ಲ ಅಂದ್ರೆ ಸಂಖ್ಯೆ ಹುಡುಕೋದು ನಿಲ್ಲಿಸಿ, ಫಾರ್ಮುಲಾ ನೋಡಿ. ನನ್ನ ಹತ್ರ ಬಂದ ಹರಿದ ಹಾಳೆಲಿ ಇದ್ದಿದ್ದು ಇದು:

ಎನ್‌ಎ ಎಚ್‌ಸಿಒ₃ + ಎಚ್ ಸಿಎಲ್ → ಎನ್‌ಎ ಸಿಎಲ್ + ಎಚ್₂ಒ

ಅಡುಗೆ ಸೋಡಾಗೆ ಆಸಿಡ್. ಎಡಗಡೆ ಒಂದು ಇಂಗಾಲ ಇದೆ, ಬಲಗಡೆ ಇಂಗಾಲನೇ ಇಲ್ಲ, ಕೋಟಿ ರೂಪಾಯಿ ಕೊಟ್ರೂ ಬ್ಯಾಲೆನ್ಸ್ ಆಗಲ್ಲ. ಬುಸ್ ಅಂತ ಬಂದ ಗ್ಯಾಸನ್ನೇ ಬರೆಯೋಕೆ ಮರ್ತಿದ್ದ. ಸಿಒ₂ ಸೇರಿಸಿದ್ರೆ ಒಂದು ಸಂಖ್ಯೆನೂ ಹಾಕೋದೇ ಬೇಡ, ತಾನಾಗೇ ಸರಿ ಇದೆ. ಆ ಹುಡುಗ ನನ್ನ ಮುಖ ನೋಡಿದ್ದು ನೋಡ್ಬೇಕಿತ್ತು.

ಹಾಗಾಗಿ ಸಂಖ್ಯೆ ಹಾಕೋಕೆ ಮುಂಚೆ ಒಂದು ಸಲ ಎಡಗಡೆ ಇರೋ ಪ್ರತಿ ಧಾತುನೂ ಬಲಗಡೆ ಎಲ್ಲಾದ್ರೂ ಇದೆಯಾ ಅಂತ ಹಾಜರಿ ಕರೀರಿ.

ಎರಡೂ ಕಡೆ ಕರೆಕ್ಟಾಗಿ ಟ್ಯಾಲಿ ಆಗಿದೆ, ಆದ್ರೂ ಸೊನ್ನೆ ಕೊಟ್ಟಿದಾರೆ, ಇದ್ಯಾವ ನ್ಯಾಯ?

ಪೇಪರ್ ನೋಡಿದೆ. 2 ಎಎಲ್ + 2 ಎಚ್ ಸಿಎಲ್ → 2 ಎಎಲ್ ಸಿಎಲ್ + ಎಚ್₂. ಎಣಿಸಿದ್ರೆ ಎಲ್ಲಾ ಸರಿ ಇದೆ ನಿಜ. ಆದ್ರೆ ಎಎಲ್ ಸಿಎಲ್ ಅನ್ನೋ ವಸ್ತು ಅಲ್ಲಿ ಉತ್ಪತ್ತಿನೇ ಆಗಲ್ಲ ಕಣಮ್ಮ. ಅಲ್ಯೂಮಿನಿಯಂ ವೇಲೆನ್ಸಿ 3, ಕ್ಲೋರಿನ್ ವೇಲೆನ್ಸಿ 1, ಒಂದರ ವೇಲೆನ್ಸಿನ ಇನ್ನೊಂದರ ಕೆಳಗೆ ಅಡ್ಡ ಹಾಕಿದ್ರೆ ಎಎಲ್ ಸಿಎಲ್₃. ಸರಿ ಉತ್ತರ: 2 ಎಎಲ್ + 6 ಎಚ್ ಸಿಎಲ್ → 2 ಎಎಲ್ ಸಿಎಲ್₃ + 3 ಎಚ್₂.

ನನ್ನ ಅನುಭವದಲ್ಲಿ "ಬ್ಯಾಲೆನ್ಸಿಂಗ್ ಬರಲ್ಲ" ಅಂತ ಬರೋ ಮಕ್ಕಳಲ್ಲಿ ಮುಕ್ಕಾಲು ಪಾಲು ಜನಕ್ಕೆ ಬ್ಯಾಲೆನ್ಸಿಂಗ್ ಬರತ್ತೆ, ಎಣಿಸೋದು ಯಾರಿಗೆ ಬರಲ್ಲ ಹೇಳಿ. ಅವರಿಗೆ ಬರದೇ ಇರೋದು ಫಾರ್ಮುಲಾ ಬರೆಯೋದು, ಅದು ಒಂಬತ್ತನೇ ಕ್ಲಾಸಿನ ಬಾಕಿ. ಆ ಬಾಕಿ ತೀರಿಸದೆ ಹತ್ತನೇ ಕ್ಲಾಸಲ್ಲಿ ಬರೀ ಸಮೀಕರಣ ಬರೆಸ್ತಾ ಕೂತ್ರೆ ತಳ ತೂತಾದ ಕೊಡಕ್ಕೆ ನೀರು ತುಂಬಿದ ಹಾಗೆ. ನಾನಂತೂ ಮೊದಲ ವಾರ ಸಮೀಕರಣನೇ ಮುಟ್ಟಲ್ಲ, ಸೋಡಿಯಂ, ಪೊಟ್ಯಾಸಿಯಂ, ಬೆಳ್ಳಿ 1, ಮೆಗ್ನೀಸಿಯಂ, ಕ್ಯಾಲ್ಸಿಯಂ, ಸತು 2, ಅಲ್ಯೂಮಿನಿಯಂ 3, ಆಮೇಲೆ ನೈಟ್ರೇಟ್, ಹೈಡ್ರಾಕ್ಸೈಡ್ 1, ಸಲ್ಫೇಟ್, ಕಾರ್ಬನೇಟ್ 2, ಫಾಸ್ಫೇಟ್ 3. ಇಷ್ಟು ಮಗ್ಗಿ ಥರ ಬಂದ್ಮೇಲೇನೇ ಮುಂದಿನ ಮಾತು. ಕಬ್ಬಿಣ, ತಾಮ್ರ ಒಂದಕ್ಕಿಂತ ಹೆಚ್ಚು ವೇಷ ಹಾಕ್ತವೆ, ಪ್ರಶ್ನೆಲಿ ಯಾವುದು ಅಂತ ಕೊಟ್ಟಿರ್ತಾರೆ.

ಏನೂ ಸಂಖ್ಯೆ ಹಾಕ್ದೇನೇ ಸರಿ ಬಂತು, ಡೌಟ್ ಆಗ್ತಿದೆ, ತಪ್ಪಿರ್ಬಹುದಾ?

ಇರಲ್ಲ, ಬೇಕಾದಷ್ಟು ಹಾಗಿರ್ತವೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ರೆ ಕೊತಕೊತ ಕುದಿಯತ್ತಲ್ಲ, ಸಿಎ ಒ + ಎಚ್₂ಒ → ಸಿಎ(ಒಎಚ್)₂, ಎಲ್ಲಾ ಒಂದೊಂದೇ. ಮಳೆಗಾಲದಲ್ಲಿ ಅಡಿಕೆ ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣನೂ ಸರಳವಾಗಿ ಬರೆದ್ರೆ ಹಾಗೇ: ಸಿಯು ಎಸ್‌ಒ₄ + ಸಿಎ(ಒಎಚ್)₂ → ಸಿಯು(ಒಎಚ್)₂ + ಸಿಎ ಎಸ್‌ಒ₄. ತೋಟದ ಮನೆ ಮಕ್ಕಳು ಇದನ್ನ ಕಣ್ಣಲ್ಲೇ ನೋಡಿರ್ತಾರೆ, ಮೈಲುತುತ್ತದ ನೀರು ಸುಣ್ಣದ ನೀರಿಗೆ ಬಿದ್ದ ಕೂಡ್ಲೇ ಆ ಆಕಾಶ ನೀಲಿ ಮೊಸರು ಮೊಸರಾಗೋದು.

4, 2, 4 ಬಂದಿದೆ, ಹಾಗೇ ಬಿಡ್ಬಹುದಾ?

ಎಲ್ಲಾ 2ರಿಂದ ಭಾಗ ಆಗತ್ತಲ್ಲ, ಭಾಗಿಸಿ 2, 1, 2 ಮಾಡಿ. ಒಂದೇ ಒಂದು ಸಂಖ್ಯೆ ಭಾಗ ಆಗ್ಲಿಲ್ಲ ಅಂದ್ರೂ ಯಾವುದನ್ನೂ ಮುಟ್ಬೇಡಿ. 1 ಬಂದ್ರೆ ಬರೆಯೋದು ಬೇಡ.

## ಪರೀಕ್ಷೆ ಮತ್ತೆ ಮನೆ

ಎಲ್ಲಾ ಬಾಯಿಪಾಠ ಮಾಡ್ಬಿಟ್ರೆ ಆಗಲ್ವಾ? ಹೆಂಗೂ ಅದದೇ ಬರತ್ತಲ್ಲ

ನಾಲ್ಕೈದು ಬಾಯಿಪಾಠ ಆಗಿದ್ರೆ ತಪ್ಪಿಲ್ಲ, ನನಗೂ ಆಗಿದೆ. ಆದ್ರೆ ಬಾಯಿಪಾಠಕ್ಕೆ ಪೆಟ್ಟು ಕೊಡೋದು ದ್ಯುತಿಸಂಶ್ಲೇಷಣೆ. ಒಂದು ಕಡೆ 6 ಸಿಒ₂ + 6 ಎಚ್₂ಒ → ಸಿ₆ಎಚ್₁₂ಒ₆ + 6 ಒ₂ ಅಂತಿರತ್ತೆ. ಇನ್ನೊಂದು ಕಡೆ ಎಡಕ್ಕೆ 12 ಎಚ್₂ಒ, ಬಲಗಡೆ ಕೊನೆಗೆ 6 ಎಚ್₂ಒ ಸೇರಿಸಿರ್ತಾರೆ. ಯಾವುದು ಸರಿ ಅಂತ ಪ್ರತಿ ವರ್ಷ ಜಗಳ. ಲೆಕ್ಕದಲ್ಲಿ ಎರಡೂ ಸರಿ, 12ರಲ್ಲಿ 6 ಕಳೆದ್ರೆ 6 ಅಷ್ಟೆ. ಮತ್ತೆ 12 ಯಾಕೆ ಬರೀತಾರೆ ಅಂದ್ರೆ, ಹೊರಗೆ ಬರೋ ಆಮ್ಲಜನಕ ಎಲ್ಲಾ ನೀರಿಂದ ಬರತ್ತೆ, ಸಿಒ₂ ಇಂದ ಅಲ್ಲ. 6 ಒ₂ ಅಂದ್ರೆ 12 ಆಮ್ಲಜನಕದ ಪರಮಾಣು, ಅಷ್ಟು ಕೊಡೋಕೆ 12 ನೀರು ಬೇಕೇ ಬೇಕು. ಅರ್ಥ ಮಾಡ್ಕೊಂಡೋರಿಗೆ ಎರಡರಲ್ಲಿ ಯಾವುದು ಬಂದ್ರೂ ಚಿಂತೆ ಇಲ್ಲ.

ನಾನು ಓದಿದ್ದು ಕಾಮರ್ಸ್, ಮಗಳಿಗೆ ಇದನ್ನ ಹೇಗೆ ಹೇಳಿಕೊಡ್ಲಿ?

ಕಾಮರ್ಸ್ ಓದಿದೋರಿಗೆ ಎರಡೂ ಕಡೆ ಟ್ಯಾಲಿ ಮಾಡೋದು ಬೇರೆ ಹೇಳಿಕೊಡ್ಬೇಕಾ ಮೇಡಂ! ಅಡುಗೆಮನೆಯಿಂದ ಎರಡು ತಟ್ಟೆ ತಗೊಳ್ಳಿ. ಹೆಸರುಕಾಳು ಜಲಜನಕ, ಕಡ್ಲೆಕಾಳು ಆಮ್ಲಜನಕ, ಹುರುಳಿಕಾಳು ಇಂಗಾಲ. ಎಡತಟ್ಟೆಲಿ ಮೀಥೇನ್ ಮಾಡಿಸಿ, ಒಂದು ಹುರುಳಿ ಸುತ್ತ ನಾಲ್ಕು ಹೆಸರುಕಾಳು, ಪಕ್ಕದಲ್ಲಿ ಕಡ್ಲೆ ಜೋಡಿಜೋಡಿಯಾಗಿ. ಈಗ ಎಡತಟ್ಟೆಯ ಕಾಳನ್ನೇ ಎತ್ತಿ ಬಲತಟ್ಟೆಲಿ ಸಿಒ₂, ಎಚ್₂ಒ ಜೋಡಿಸೋಕೆ ಹೇಳಿ, ಡಬ್ಬದಿಂದ ಹೊಸ ಕಾಳು ತಗೊಳ್ಳೋ ಹಾಗಿಲ್ಲ, ಒಂದು ಕಾಳೂ ಉಳಿಯೋ ಹಾಗಿಲ್ಲ. ಒಂದು ಜೋಡಿ ಕಡ್ಲೆ ಇಟ್ರೆ ಸಿಒ₂ ಆಗಿ ಹೆಸರುಕಾಳು ನಾಲ್ಕೂ ಅನಾಥವಾಗಿ ಕೂತಿರ್ತವೆ, ಆಗ ಅವಳೇ ಇನ್ನೊಂದು ಜೋಡಿ ಕಡ್ಲೆ ಕೇಳ್ತಾಳೆ. ಅಲ್ಲಿಗೆ ಸಿಎಚ್₄ + 2 ಒ₂ → ಸಿಒ₂ + 2 ಎಚ್₂ಒ ಅವಳ ಕೈಯಲ್ಲೇ ಬಂತು. ಆಮೇಲೆ ಕಾಳು ಬೇರ್ಪಡಿಸೋ ಕೆಲಸನೂ ಅವಳಿಗೇ ಕೊಡಿ.

(ಎಸ್), (ಎಲ್), (ಜಿ), (ಎಕ್ಯೂ) ಅಂತ ಹಾಕ್ಬೇಕಾ?

ಘನ, ದ್ರವ, ಅನಿಲ, ನೀರಲ್ಲಿ ಕರಗಿರೋದು. ಪ್ರಶ್ನೆಲಿ ಭೌತಸ್ಥಿತಿ ಸಮೇತ ಅಂತ ಕೇಳಿದ್ರೆ ಖಂಡಿತ ಹಾಕಿ. ಎಲ್ ಮತ್ತೆ ಎಕ್ಯೂ ಅದಲುಬದಲು ಮಾಡ್ತಾರೆ ಸುಮಾರು ಜನ: ಬರೀ ನೀರು ಎಲ್, ಉಪ್ಪಿನ ನೀರಲ್ಲಿರೋ ಉಪ್ಪು ಎಕ್ಯೂ.

## ಇನ್ನೂ ಮುಂದೆ ಹೋಗೋರಿಗೆ

ಈ ಸಂಖ್ಯೆಗಳಿಂದ ನಿಜ ಜೀವನದಲ್ಲಿ ಏನಾದ್ರೂ ಗೊತ್ತಾಗತ್ತಾ, ಇಲ್ಲ ಬರೀ ಮಾರ್ಕ್ಸಿಗಾ?

ಮನೆಲಿರೋ 14.2 ಕೆಜಿ ಸಿಲಿಂಡರ್ ತಗೊಳ್ಳಿ. ಮೇಲೆ ಬರೆದ ಪ್ರೋಪೇನ್, ಬ್ಯೂಟೇನ್ ಸಮೀಕರಣ ಎರಡೂ ಇಟ್ಕೊಂಡು ಪರಮಾಣು ತೂಕ ಹಾಕಿ ನೋಡಿದ್ರೆ, 44 ಗ್ರಾಂ ಪ್ರೋಪೇನಿಗೆ 160 ಗ್ರಾಂ ಆಮ್ಲಜನಕ ಬೇಕು, 116 ಗ್ರಾಂ ಬ್ಯೂಟೇನಿಗೆ 416 ಗ್ರಾಂ. ಎರಡರ ಪ್ರಮಾಣನೂ ಹೆಚ್ಚುಕಮ್ಮಿ ಒಂದೇ, ಒಂದಕ್ಕೆ ಮೂರೂವರೆಗಿಂತ ಸ್ವಲ್ಪ ಜಾಸ್ತಿ. ಅಂದ್ರೆ ಸಿಲಿಂಡರ್ ಖಾಲಿ ಆಗೋಷ್ಟರಲ್ಲಿ ನಿಮ್ಮ ಅಡುಗೆಮನೆ ಗಾಳಿಯಿಂದ ಸುಮಾರು 51 ಕೆಜಿ ಆಮ್ಲಜನಕ ಎಳ್ಕೊಂಡಿರತ್ತೆ, ಸುಮಾರು 43 ಕೆಜಿ ಕಾರ್ಬನ್ ಡೈಆಕ್ಸೈಡ್, 22 ಕೆಜಿ ನೀರಿನ ಆವಿ ಹೊರಗೆ ಬಿಟ್ಟಿರತ್ತೆ. ಎರಡು ಬಿಂದಿಗೆ ನೀರು! 14 ಕೆಜಿಯ ಗ್ಯಾಸಿಂದ 43 ಕೆಜಿ ಹೊಗೆ ಹೇಗೆ ಬಂತು ಅಂತ ಕೇಳಿದ್ರೆ ಉತ್ತರ ಆ ಒ₂ ಮುಂದಿರೋ ಸಂಖ್ಯೆಲಿದೆ. ಕಿಟಕಿ ತೆಗೆದು ಅಡುಗೆ ಮಾಡಿ ಅಂತ ಅಜ್ಜಿ ಹೇಳೋದೂ ಅದಕ್ಕೇ, ಆಮ್ಲಜನಕ ಸಾಲದೇ ಬಂದ್ರೆ ಸಿಒ₂ ಬದಲು ಸಿಒ ಬರೋಕೆ ಶುರು ಆಗತ್ತೆ.

ಇನ್ನೊಂದು, ಭದ್ರಾವತಿ ಕಬ್ಬಿಣದ ಕಾರ್ಖಾನೆ. ಶುರುವಿನ ಕಾಲದಲ್ಲಿ ಕೆಮ್ಮಣ್ಣುಗುಂಡಿಯಿಂದ ಅದಿರು ತಂದು ಮಲೆನಾಡಿನ ಕಟ್ಟಿಗೆ ಇದ್ದಿಲಲ್ಲಿ ಕರಗಿಸ್ತಿದ್ರು. ಊರಿನ ಹೆಸರಲ್ಲೇ ಇದೆ ನೋಡಿ ಕೆಂಪು ಮಣ್ಣು, ಆ ಕೆಂಪು ಕಬ್ಬಿಣದ ಆಕ್ಸೈಡಿನದೇ. ಎಫ್‌ಇ₂ಒ₃ + 3 ಸಿಒ → 2 ಎಫ್‌ಇ + 3 ಸಿಒ₂. ಶುದ್ಧ ಆಕ್ಸೈಡ್ 160 ಕೆಜಿ ಹಾಕಿದ್ರೆ ಕಬ್ಬಿಣ 112 ಕೆಜಿ, ಅದಕ್ಕಿಂತ ಒಂದು ಕೆಜಿ ಜಾಸ್ತಿ ಯಾವ ಎಂಜಿನಿಯರ್ ಬಂದ್ರೂ ತೆಗೆಯೋಕಾಗಲ್ಲ.

ಆಲ್ಜೀಬ್ರಾ ಹಾಕಿ ಮಾಡ್ಬಹುದು ಅಂತ ಅಣ್ಣ ಹೇಳ್ದ, ಹೇಗೆ?

ಮಾಡ್ಬಹುದು, ಕಣ್ಣಲ್ಲಿ ಸಿಗದೆ ಇರೋದಕ್ಕೆ ಒಳ್ಳೇ ದಾರಿ. ಕಬ್ಬಿಣದ ಪೈರೈಟ್ ಸುಡೋದು ತಗೊಳ್ಳಿ, ಸಂಖ್ಯೆ ಗೊತ್ತಿಲ್ಲದ ಕಡೆ ಅ, ಬ, ಕ, ಡ ಇಡೋಣ:

ಅ ಎಫ್‌ಇ ಎಸ್₂ + ಬ ಒ₂ → ಕ ಎಫ್‌ಇ₂ಒ₃ + ಡ ಎಸ್‌ಒ₂

ಕಬ್ಬಿಣ ನೋಡಿದ್ರೆ ಅ = 2ಕ. ಗಂಧಕ ನೋಡಿದ್ರೆ 2ಅ = ಡ. ಆಮ್ಲಜನಕ ನೋಡಿದ್ರೆ 2ಬ = 3ಕ + 2ಡ. ಯಾವುದಾದ್ರೂ ಒಂದಕ್ಕೆ 1 ಅಂತ ಇಟ್ಕೊಳ್ಳಿ, ಕ = 1 ಅನ್ನೋಣ. ಅ = 2, ಡ = 4, 2ಬ = 3 + 8 = 11, ಬ = ಐದೂವರೆ. ಅರ್ಧ ಹೋಗ್ಲಿ ಅಂತ ಎಲ್ಲಾ ಡಬಲ್: 4 ಎಫ್‌ಇ ಎಸ್₂ + 11 ಒ₂ → 2 ಎಫ್‌ಇ₂ಒ₃ + 8 ಎಸ್‌ಒ₂. 11 ಅನ್ನೋದು ಸುಮ್ನೆ ಹಾಕ್ತಾ ಹೋದ್ರೆ ಯಾರಿಗೂ ಹೊಳೆಯಲ್ಲ. ಆದ್ರೆ ಎರಡೇ ನಿಮಿಷದಲ್ಲಿ ಆಗೋ ಸಮೀಕರಣಕ್ಕೆಲ್ಲ ಇದನ್ನ ಹಚ್ಬೇಡಿ, ನೊಣ ಹೊಡೆಯೋಕೆ ಒನಕೆ ಬೇಡ.

ಪರಮಾಣು ಎಲ್ಲಾ ಸರಿ ಇದ್ರೂ ಅಯಾನಿಕ್ ಸಮೀಕರಣ ತಪ್ಪು ಅಂದ್ರು, ಯಾಕೆ?

ಅಯಾನು ಅಂದ್ರೆ ವಿದ್ಯುದಾವೇಶ ಇರೋ ಪರಮಾಣು ಅಥವಾ ಗುಂಪು, ಹಾಗಾಗಿ ಆ ವಿದ್ಯುದಾವೇಶನೂ ಟ್ಯಾಲಿ ಆಗ್ಬೇಕು. ಬೆಳ್ಳಿ ನೈಟ್ರೇಟ್ ದ್ರಾವಣಕ್ಕೆ ಸತು ಹಾಕೋದನ್ನ ಝಡ್‌ಎನ್ + ಎಜಿ⁺ → ಝಡ್‌ಎನ್²⁺ + ಎಜಿ ಅಂತ ಬರೆದ್ರೆ ಸತು ಒಂದು, ಬೆಳ್ಳಿ ಒಂದು, ಸರಿ ಇದ್ದ ಹಾಗೇ ಕಾಣತ್ತೆ. ಆವೇಶ ಎಣಿಸಿ, ಎಡಕ್ಕೆ ಪ್ಲಸ್ 1, ಬಲಕ್ಕೆ ಪ್ಲಸ್ 2. ಸತು ಎರಡು ಎಲೆಕ್ಟ್ರಾನ್ ಬಿಟ್ಟಿದೆ, ಒಂದು ಬೆಳ್ಳಿ ಒಂದನ್ನಷ್ಟೇ ತಗೊಳ್ಳತ್ತೆ, ಇನ್ನೊಂದು ಎಲ್ಲಿ ಹೋಯ್ತು? ಹಾಗಾಗಿ ಬೆಳ್ಳಿ ಎರಡು ಬೇಕು: ಝಡ್‌ಎನ್ + 2 ಎಜಿ⁺ → ಝಡ್‌ಎನ್²⁺ + 2 ಎಜಿ.

ಒಂದೇ ಸಮೀಕರಣಕ್ಕೆ ನನಗೊಂದು ಉತ್ತರ, ಫ್ರೆಂಡಿಗೊಂದು ಉತ್ತರ, ಎರಡೂ ಟ್ಯಾಲಿ ಆಗತ್ತೆ. ಹೇಗೆ ಸಾಧ್ಯ?

ಪಿಯುಸಿಗೆ ಹೋದ ಹಳೇ ಸ್ಟೂಡೆಂಟ್ ಒಬ್ಳು ಕೇಳಿದ್ದು, ನನಗೆ ತುಂಬಾ ಇಷ್ಟ ಆದ ಪ್ರಶ್ನೆ. ಆಮ್ಲದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಹೈಡ್ರೋಜನ್ ಪೆರಾಕ್ಸೈಡ್, ಆ ನೇರಳೆ ಬಣ್ಣ ಹೋಗಿ ನೀರಿನ ಹಾಗೆ ತಿಳಿ ಆಗತ್ತಲ್ಲ, ಅದು. ಫ್ರೆಂಡಿನ ಉತ್ತರ:

2 ಕೆ ಎಮ್‌ಎನ್‌ಒ₄ + 3 ಎಚ್₂ಒ₂ + 3 ಎಚ್₂ಎಸ್‌ಒ₄ → ಕೆ₂ಎಸ್‌ಒ₄ + 2 ಎಮ್‌ಎನ್ ಎಸ್‌ಒ₄ + 6 ಎಚ್₂ಒ + 4 ಒ₂

ಇವಳ ಉತ್ತರ:

2 ಕೆ ಎಮ್‌ಎನ್‌ಒ₄ + 5 ಎಚ್₂ಒ₂ + 3 ಎಚ್₂ಎಸ್‌ಒ₄ → ಕೆ₂ಎಸ್‌ಒ₄ + 2 ಎಮ್‌ಎನ್ ಎಸ್‌ಒ₄ + 8 ಎಚ್₂ಒ + 5 ಒ₂

ಮೊದಲನೇದ್ರಲ್ಲಿ ಆಮ್ಲಜನಕ ಎರಡೂ ಕಡೆ 26, ಎರಡನೇದ್ರಲ್ಲಿ 30. ಎಣಿಕೆಲಿ ಎರಡೂ ಪಾಸ್. ಒಂದರಲ್ಲಿ ಇನ್ನೊಂದನ್ನ ಕಳೆದು ನೋಡಿ ಅಂದೆ, ಉಳಿಯೋದು 2 ಎಚ್₂ಒ₂ → 2 ಎಚ್₂ಒ + ಒ₂. ಅಂದ್ರೆ ಪೆರಾಕ್ಸೈಡ್ ತನ್ನಷ್ಟಕ್ಕೆ ತಾನೇ ಒಡೆದು ಹೋಗೋ ಇನ್ನೊಂದು ಕ್ರಿಯೆ ಇದರೊಳಗೆ ಸೇರ್ಕೊಂಡಿದೆ, ಅದನ್ನ ಎಷ್ಟು ಸಲ ಬೇಕಾದ್ರೂ ಕೂಡಿಸ್ಬಹುದು ಕಳೀಬಹುದು, ಲೆಕ್ಕ ಕೆಡಲ್ಲ. ಇಲ್ಲಿ ಬರೀ ಪರಮಾಣು ಎಣಿಸಿ ತೀರ್ಮಾನ ಮಾಡೋಕಾಗಲ್ಲ, ಎಲೆಕ್ಟ್ರಾನ್ ಎಣಿಸ್ಬೇಕು. ಮ್ಯಾಂಗನೀಸಿನ ಆಕ್ಸಿಡೇಶನ್ ನಂಬರ್ (ಎಲೆಕ್ಟ್ರಾನ್ ಕೊಟ್ಟು ತಗೊಂಡ ಲೆಕ್ಕ) ಪ್ಲಸ್ 7 ಇಂದ ಪ್ಲಸ್ 2ಕ್ಕೆ ಇಳಿಯೋಕೆ ಅದು 5 ಎಲೆಕ್ಟ್ರಾನ್ ತಗೊಳ್ಳತ್ತೆ, ಎರಡಕ್ಕೆ 10. ಒಂದು ಪೆರಾಕ್ಸೈಡ್ ಆಮ್ಲಜನಕ ಆಗ್ವಾಗ ಕೊಡೋದು 2. ಹತ್ತು ಕೊಡೋಕೆ ಐದು ಪೆರಾಕ್ಸೈಡ್ ಬೇಕು, ಐದು ಪೆರಾಕ್ಸೈಡಿಂದ ಐದೇ ಒ₂. ಫ್ರೆಂಡಿನ ಸಾಲಲ್ಲಿ ಪೆರಾಕ್ಸೈಡ್ 3 ಇಟ್ಟು ಒ₂ 4 ತೆಗೆದಿದಾರೆ, ಆ ನಾಲ್ಕನೇದು ಬರೋಕೆ ದಾರಿನೇ ಇಲ್ಲ. ಇಷ್ಟು ಹೇಳೋಷ್ಟರಲ್ಲಿ ಅವಳು ಫ್ರೆಂಡಿಗೆ ಫೋನ್ ಹಚ್ಚಿ ಆಗಿತ್ತು.